ಬಕ್ಖಾಲಿಯ ಎಳ್ಳಮಾವಾಸ್ಯೆ

ಕೋಲ್ಕತ್ತಾದ ಬೆಹಾಲಾದಲ್ಲಿರುವ ಜಲಜಾಕ್ಷಿ ಕಡಲಿಗೆ ಹೋದಾಗಲೆಲ್ಲ ಚಪ್ಪಲಿ ಕಾಯುತ್ತಿದ್ದರು. ದಿಘಾದಲ್ಲಿ ಕಾದಿದ್ದಾರೆ, ಪುರಿಯಲ್ಲಿ ಕಾದಿದ್ದಾರೆ. ತಾವು ಕೆಲಸ ಮಾಡುತ್ತಿದ್ದ ಬ್ಯಾಂಕಿನವರೆಲ್ಲ ಶಂಕರಪುರಕ್ಕೆ ಪಿಕ್ನಿಕ್ ಹೋದಾಗ ಇಡೀ ಶಾಖೆಯ ಚಪ್ಪಲಿ, ಕನ್ನಡಕ, ವಾಚುಗಳ ಜೊತೆಗೆ ಮ್ಯಾನೇಜರರ ಹಲ್ಲಿನ ಸೆಟ್ಟನ್ನೂ ಕಾದಿದ್ದಾರೆ. ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿದ್ದಲ್ಲ. ಮದುವೆಯಾಗಿ ಕೋಲ್ಕತ್ತಾಕ್ಕೆ ಬಂದ ವರ್ಷ ಅತ್ತೆಯ ಜೊತೆ ದಡದಲ್ಲಿ ಕುಳಿತರು. ಮುಂದಿನ ಸಲ ಮಗಳು ಪ್ರಣೀತಾ ಕೈಗೂಸು. ಆಮೇಲೆ ಅದೇ ರೂಢಿಯಾಯಿತು. ನೀರಿಗಿಳಿಯುವವರು ಚಪ್ಪಲಿ ಕಳಚಿ ಹಿಂದೆ ನೋಡದೆ ಓಡುತ್ತಿದ್ದರು. ಹಿಂದೆ ಜಲಜಾಕ್ಷಿ ಇದ್ದೇ ಇರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಈಜು ಬಾರದಿದ್ದರೆ ಮಾತು ಬೇರೆ. ಕೋಟೇಶ್ವರದ ಹತ್ತಿರ ಕಡಲ ತಡಿಯಲ್ಲಿ ಬೆಳೆದವರು ಅವರು. ಹುಡುಗಿಯಾಗಿದ್ದಾಗ ತೆರೆ ಒಡೆಯುವ ಜಾಗ ದಾಟಿ, ಆಚೆಯ ಸಮತಟ್ಟು ನೀರಿನಲ್ಲಿ ಅಂಗಾತ ತೇಲುತ್ತಿದ್ದರು.

ಚಳಿಗಾಲ ಶುರುವಾಗುವ ಹೊತ್ತಿಗೆ ಅವರಿಗೆ ನಿವೃತ್ತಿಯಾಯಿತು. ಅದೇ ಬ್ಯಾಂಕಿನಿಂದ ಮೊದಲೇ ನಿವೃತ್ತರಾಗಿದ್ದ ಗಂಡ ಮೋಹನದಾಸ ಹೇಳಿದರು, "ಈ ಸಲ ತಿರುಗೂಕ್ ಹೋಪು ಜಾಗ ನೀನೇ ಹೇಳ್, ಮಾರಾಯ್ತಿ."

"ಬಕ್ಖಾಲಿ. ಎಳ್ಳಮಾವಾಸ್ಯೆ ದಿನ. ನಂಗೆ ಕಡ್ಲಲ್ಲ್ ಮೀಯ್ಕ್."

ಸ್ನಾನ ಮಾಡಬೇಕು ಎಂಬ ಈ ಮಾತಿಗೆ ಉತ್ತರ ಕೊಟ್ಟವಳು ಪ್ರಣೀತಾ. "ಅಮ್ಮ, ಮಂದಾರ್‌ಮಣಿಯಲ್ಲಿ ರೆಸಾರ್ಟ್ ಇದೆ. ಪೂಲ್ ಉಂಟು, ಸೀ ಕೂಡ ಉಂಟು. ಬೋಥ್."

ಸಾಲದ ಅರ್ಜಿಗಳನ್ನು ಪರಿಶೀಲಿಸಿ ಅಭ್ಯಾಸವಿದ್ದ ಜಲಜಾಕ್ಷಿ ಎಲ್ಲವನ್ನೂ ಮೊದಲೇ ಯೋಚಿಸಿದ್ದರು. ಪೂಲ್ ಇದ್ದರೆ ಇವರಿಬ್ಬರೂ ಪೂಲಿಗೆ ಇಳಿಯುತ್ತಾರೆ, ತನಗೆ ಟವೆಲ್ ಕಾಯುವ ಕೆಲಸ. ದಿಘಾದಲ್ಲಿ ಜನಜಂಗುಳಿ. ಪುರಿಯ ತೆರೆಗಳಿಗೆ ಈ ಮೊಣಕಾಲು ಸಾಲದು. ಬಕ್ಖಾಲಿಯಾದರೆ ದಡ ಇಳಿಜಾರಿಲ್ಲದ್ದು, ಜನ ಕಡಿಮೆ, ತಮ್ಮ ಓಣಿಯ ಮುಂದಿನ ಡೈಮಂಡ್ ಹಾರ್ಬರ್ ರಸ್ತೆ ಹಿಡಿದರೆ ತೆಂಕಕ್ಕೆ ನೇರ ದಾರಿ.

ದಿನದ ಆಯ್ಕೆಗೂ ಕಾರಣವಿತ್ತು. ಅವರ ಊರಿನಲ್ಲಿ ಎಳ್ಳಮಾವಾಸ್ಯೆಯ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎಲ್ಲರೂ ಕಡಲಲ್ಲಿ ಮೀಯುತ್ತಿದ್ದರು. ಅಂದು ಯಾರೂ ದಡದಲ್ಲಿ ಉಳಿಯುವಂತಿರಲಿಲ್ಲ ಎಂದು ಗಂಡನಿಗೂ ಎಷ್ಟೋ ಸಲ ಹೇಳಿದ್ದರು. ನಡೆಯಲಾರದ ಅಜ್ಜಿಯರನ್ನೂ ಕೈಹಿಡಿದು ಇಳಿಸುತ್ತಿದ್ದರು. ಬೇರೆ ಯಾವ ದಿನ ಹೋದರೂ ತಾನು ಮತ್ತೆ ಚಪ್ಪಲಿಯ ಪಕ್ಕ ಕುಳಿತುಬಿಡುತ್ತೇನೆ ಎಂದು ಜಲಜಾಕ್ಷಿಗೆ ಅನಿಸಿತ್ತು.

ಹಿಂದಿನ ಸಂಜೆ ಬಕ್ಖಾಲಿ ತಲುಪಿ, ಲಾಡ್ಜಿನಲ್ಲಿ ಮಲಗಿ, ಬೆಳಗಾಗುವಾಗ ಮೂವರೂ ದಡಕ್ಕೆ ಬಂದರು. ಮಂಜು ಕವಿದಿತ್ತು. ಮೋಹನದಾಸ ಬಂಗಾಳಿಗಳಂತೆ ಕಿವಿ ಮುಚ್ಚುವ ಮಂಕಿ ಟೋಪಿ ಹಾಕಿದ್ದರು.

ಕಡಲು ಇರಲಿಲ್ಲ. ಕಣ್ಣು ಹಾಯುವವರೆಗೂ ಒದ್ದೆ ಮರಳು, ನಡುನಡುವೆ ಕೆಸರು. ದೋಣಿಗಳು ಒಂದು ಮಗ್ಗುಲಿಗೆ ವಾಲಿ ನೆಲದ ಮೇಲೆ ಕುಳಿತಿದ್ದವು.

"ಎಂತ ಮಾರಾಯ್ತಿ, ಕಡ್ಲ್ ಎಲ್ಲಿಗ್ ಹೋಯ್ತ್?" ಎಂದರು ಮೋಹನದಾಸ. "ನಿನ್ನ ಸಂಗ್ತಿಗೆ ಅದೂ ರಿಟೈರ್ ಆಯ್ತಾ?"

"ಪೂಲ್ ಹೀಗೆ ಓಡಿಹೋಗುದಿಲ್ಲ" ಎಂದಳು ಪ್ರಣೀತಾ.

ಜಲಜಾಕ್ಷಿ ನಾಲ್ಕು ಹೆಜ್ಜೆ ಮುಂದೆ ಹೋದರು. ಕೆಸರಿನಲ್ಲಿ ಪಾದ ಹೂತಿತು, ಮೊಣಕಾಲು ಚುಳಕ್ಕೆಂದಿತು. ಹಿಂದೆ ಬಂದರು. ತಪ್ಪು ಎಲ್ಲಾಯಿತೆಂದು ಆಗ ಹೊಳೆಯಿತು. ಊರಿನಲ್ಲಿ ಇಳಿತವಾದರೆ ನೀರು ಒಂದು ಅಂಗಳದಷ್ಟು ಹಿಂದೆ ಸರಿಯುತ್ತದೆ, ಅಷ್ಟೆ. ಇಲ್ಲಿ ನೆಲ ಚಾಪೆಯಂತೆ ಚಪ್ಪಟೆ, ಏರಿಳಿತವೂ ಹೆಚ್ಚು. ಅಮಾವಾಸ್ಯೆಯಂದು ಸೂರ್ಯ ಚಂದ್ರರು ಒಂದೇ ಕಡೆಯಿಂದ ಸೆಳೆಯುವುದರಿಂದ ಅದು ಇನ್ನೂ ಹೆಚ್ಚು. ರಸ್ತೆ, ಲಾಡ್ಜು, ತಿಥಿ ಎಲ್ಲ ನೋಡಿದ್ದ ಜಲಜಾಕ್ಷಿ ನೀರು ಏರಿಬರುವ ಭರತದ ಹೊತ್ತನ್ನು ಮಾತ್ರ ನೋಡಿರಲಿಲ್ಲ. ಕಡಲು ಮನೆಯಲ್ಲಿದೆಯೇ ಎಂದು ವಿಚಾರಿಸಿ ಹೋಗುವ ಪದ್ಧತಿ ಅವರ ಊರಿನಲ್ಲಿರಲಿಲ್ಲ.

"ರೂಮಿಗೆ ಹೋಪ. ಚಳಿ" ಎಂದರು ಮೋಹನದಾಸ.

"ನೀವ್ ಹೋಯ್ನಿ. ನಾ ಕೂಕಂತೆ."

ಅವರಿಬ್ಬರೂ ಹೋಗಲಿಲ್ಲ. ಚಹಾ ಕುಡಿದು ಬಂದು, ಫೋಟೋ ತೆಗೆಯಲು ಗಟ್ಟಿ ಮರಳಿನ ಕಡೆ ನಡೆದರು. ಹೋಗುವಾಗ ಚಪ್ಪಲಿ ಕಳಚಿ ಜಲಜಾಕ್ಷಿಯ ಪಕ್ಕದಲ್ಲೇ ಬಿಟ್ಟರು. ಯಾರಿಗೂ ಏನೂ ಅನಿಸಲಿಲ್ಲ. ಒಂದು ಕ್ಷಣ ಜಲಜಾಕ್ಷಿಗೂ ಅನಿಸಲಿಲ್ಲ.

ಆಮೇಲೆ ಅವರು ಸುತ್ತ ನೋಡಿದರು. ಬೆನ್ನ ಹಿಂದೆ ಗಾಳಿಮರಗಳ ಹತ್ತಿರ ಒಣ ಕಡ್ಡಿ, ಚಿಪ್ಪು, ಬಲೆಯ ಚೂರುಗಳು ಉದ್ದಕ್ಕೆ ಒಂದು ಗೆರೆಯಂತೆ ಬಿದ್ದಿದ್ದವು. ನೀರು ಅಲ್ಲಿಯವರೆಗೆ ಬಂದಿತ್ತು ಎಂದಾಯಿತು. ಬಂದದ್ದು ಮತ್ತೆ ಬರುತ್ತದೆ. ಜಲಜಾಕ್ಷಿ ಶಾಲು ಹೊದ್ದು ಕಾದರು. ಈ ಸಲ ಕಾದದ್ದು ಚಪ್ಪಲಿಯನ್ನಲ್ಲ.

ಮಂಜು ಕರಗಿ, ಬಿಸಿಲು ಬೆನ್ನಿಗೆ ಹಿತವಾಗುವಷ್ಟು ಏರಿದಾಗ ಕಡಲು ಬಂತು. ತೆರೆಯಾಗಿ ಬರಲಿಲ್ಲ. ಮರಳಿನ ಗೀರುಗಳನ್ನು ತುಂಬುತ್ತ, ಏಡಿಯ ಬಿಲಗಳಲ್ಲಿ ಗುಳ್ಳೆ ಎಬ್ಬಿಸುತ್ತ, ಸದ್ದಿಲ್ಲದೆ ಬಂತು. ವಾಲಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗೆ ನಿಂತವು. ನೀರಿನ ಮುಂದೆ ಮುಂದೆ ಅಪ್ಪ ಮಗಳೂ ಬಂದರು.

"ಅಮ್ಮ, ಏಳು, ಚಪ್ಪಲಿ ಒದ್ದೆಯಾಗ್ತದೆ."

ಜಲಜಾಕ್ಷಿ ಎದ್ದರು. ಕೈ ತಾನಾಗಿಯೇ ಎಲ್ಲ ಚಪ್ಪಲಿಗಳನ್ನು ಬಾಚಿಕೊಂಡಿತು. ಮೇಲೆ, ಒಣ ಜಾಗಕ್ಕೆ ಹತ್ತಬೇಕು. ಹತ್ತಿದರೆ ಅಲ್ಲೇ ಕುಳಿತುಬಿಡುತ್ತೇನೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ನೀರು ಹೆಬ್ಬೆರಳಿಗೆ ತಾಗಿತು.

"ಹ್ವಾಯ್, ಇದನ್ನ ಹಿಡ್ಕಣಿ."

ಮೋಹನದಾಸರ ತೋಳಿನಲ್ಲಿ ಮೂರು ಜೊತೆ ಚಪ್ಪಲಿ ಬಂತು. "ನಾನಾ?" ಎಂದರು. ಅದನ್ನು ಹೇಗೆ ಹಿಡಿಯಬೇಕೆಂದು ಅವರಿಗೆ ತಿಳಿಯಲಿಲ್ಲ. ಒಂದು ಜಾರಿ ಬಿತ್ತು.

ಜಲಜಾಕ್ಷಿ ಒಂದು ಬೊಗಸೆ ನೀರು ತಲೆಗೆ ಹಾಕಿಕೊಂಡು, ಕೆಸರು ತಪ್ಪಿಸಿ ಗಟ್ಟಿ ಮರಳಿನ ಮೇಲೆ ನಡೆದರು. ಸೊಂಟದ ಮಟ್ಟಕ್ಕೆ ಬಹಳ ದೂರ ಹೋಗಬೇಕಾಯಿತು. ಗಂಗೆ ಸೇರುವ ಕಡಲು, ನೀರು ಮಣ್ಣಿನ ಬಣ್ಣ, ಉಪ್ಪು ಊರಿನದಕ್ಕಿಂತ ಕಡಿಮೆ. ತೇಲಲು ಸ್ವಲ್ಪ ಹೆಚ್ಚು ಕೈಯಾಡಿಸಬೇಕಾದೀತು ಎಂದುಕೊಂಡರು. ಅಂಗಾತವಾದರು. ದೇಹ ಮರೆತಿರಲಿಲ್ಲ.

ಕಿವಿ ನೀರಿನೊಳಗಿದ್ದುದರಿಂದ ಪ್ರಣೀತಾ ಕರೆದದ್ದು ಅವರಿಗೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಳಿಸಿದಾಗ ಮಗಳು ಪಕ್ಕದಲ್ಲೇ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಅಮ್ಮನನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದಳು. ಅವಳ ಹಿಂದೆ ಮಂಕಿ ಟೋಪಿ ತೆಗೆಯದೆ, ಪ್ಯಾಂಟು ಮಡಚಿಕೊಂಡು ಮೋಹನದಾಸ ಬರುತ್ತಿದ್ದರು.

"ಚಪ್ಲಿ?" ಎಂದರು ಜಲಜಾಕ್ಷಿ.

"ಎಳ್ಳಮಾಸಿ ದಿನ ದಡದಲ್ಲ್ ಯಾರೂ ಉಳೂಕಾಗ ಅಂದವ್ಳ್ ನೀನೇ ಅಲ್ದಾ?"

ಗಾಳಿಮರದ ಬುಡದಲ್ಲಿ ಮೂರು ಜೊತೆ ಚಪ್ಪಲಿ ಇತ್ತು. ಒಂದು ನಾಯಿ ಅದನ್ನು ಮೂಸುತ್ತಿತ್ತು. ಜಲಜಾಕ್ಷಿ ನೋಡಿದರು, ಮತ್ತೆ ಆಕಾಶದ ಕಡೆ ತಿರುಗಿದರು.