ಎಂಟು ಕಟಿಂಗಿನ ದೋಣಿ

ನಮ್ಮ ಬೀದಿಯ ಕತ್ತರಿಯಣ್ಣನ ಕೈ ಎಷ್ಟು ಹಗುರ ಎಂದರೆ, ಒಮ್ಮೆ ಗಡ್ಡ ಮಾಡಿಸಿಕೊಳ್ಳಲು ಕೂತ ಅಂಚೆಯವನು ಕುರ್ಚಿಯಲ್ಲೇ ನಿದ್ದೆಹೋಗಿ, ಎಚ್ಚರವಾಗುವ ಹೊತ್ತಿಗೆ ಗಡ್ಡ ಮತ್ತೆ ಬೆಳೆದಿತ್ತು. ಎರಡನೆಯ ಸಲ ಬೋಳಿಸಿ ಒಂದೇ ಸಲದ ದುಡ್ಡು ತೆಗೆದುಕೊಂಡ ಪುಣ್ಯಾತ್ಮ. ನಂಬದವರು ಅಂಚೆಯವನನ್ನೇ ಕೇಳಿ.

ಅಂಗಡಿ ಎಂದರೆ ಒಂದೇ ಕೋಣೆ. ಎರಡು ಕುರ್ಚಿಗಳಲ್ಲಿ ಒಂದು ತಿರುಗುತ್ತದೆ, ಇನ್ನೊಂದು ತಿರುಗುವ ಯೋಚನೆ ಮಾಡುತ್ತದೆ. ಕನ್ನಡಿಯ ಪಕ್ಕ ಬೆಲೆಯ ಹಲಗೆ: ಕಟಿಂಗ್ ನಲವತ್ತು, ಶೇವಿಂಗ್ ಇಪ್ಪತ್ತು. ಅದನ್ನು ಬರೆದು ಒಂಬತ್ತು ವರ್ಷವಾಗಿದೆ. ಕಟಿಂಗಿಗೆ ಈಗ ಎಂಬತ್ತು ಎನ್ನುವುದು ಬೀದಿಯ ನಾಯಿಗೂ ಗೊತ್ತು, ಎಲ್ಲರೂ ಮರುಮಾತಿಲ್ಲದೆ ಎಂಬತ್ತೇ ಕೊಡುತ್ತಾರೆ. ನಾನೊಬ್ಬ ಮಾತ್ರ ಹಲಗೆಯನ್ನು ಗಟ್ಟಿಯಾಗಿ ಓದಿ ನಲವತ್ತು ಕೊಟ್ಟು ಬರುತ್ತಿದ್ದೆ. ನನ್ನ ತಲೆಯಲ್ಲಿ ಉಳಿದಿರುವುದು ಹದಿನೇಳು ಕೂದಲು. ಕೂದಲಿಗೆ ಎರಡರಂತೆ ಹಾಕಿದರೂ ನಾನು ಕೊಡುತ್ತಿದ್ದುದೇ ಹೆಚ್ಚು.

ಅಂಗಡಿಯ ಹಿಂದೆ ಮನೆ. ಅಲ್ಲಿ ಅವನ ಅಕ್ಕ ಇದ್ದಾಳೆ. ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತಳಾದವಳು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಆ ಕೆಮ್ಮಿನ ಮೇಲೇ ಅವನ ಹತ್ತಿರ ಟಿಕೆಟ್ ಇದೆಯೋ ಇಲ್ಲವೋ ಹೇಳುತ್ತಿದ್ದಳು. ಒಬ್ಬರಿಗೂ ಒಂದು ಬಿಡಿಗಾಸು ಚಿಲ್ಲರೆ ಕಡಿಮೆ ಕೊಟ್ಟವಳಲ್ಲ, ಒಬ್ಬರಿಂದಲೂ ಹೆಚ್ಚು ತೆಗೆದುಕೊಂಡವಳಲ್ಲ. ಬೀದಿಯವರಿಗೆ ಅವಳು ರೈಟಕ್ಕ. ಅವಳ ಗಂಡ ತೀರಿಕೊಂಡು ಬಹಳ ಕಾಲವಾಯಿತು, ತಮ್ಮ ಮದುವೆಯ ಗೋಜಿಗೇ ಹೋಗಲಿಲ್ಲ. ಜಗಳವಾಡಲು ಬೇರೆ ಜನ ಸಿಗದೆ ಅಕ್ಕ ತಮ್ಮ ಪರಸ್ಪರ ಹೊಂದಿಕೊಂಡಿದ್ದರು.

ಆ ಜಗಳಕ್ಕೊಂದು ದಾರಿ ತೋರಿಸಿದ್ದು ವಿಡಿಯೋ ಗೇಮ್. ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬ ತನ್ನ ಹಳೆಯ ಗೇಮ್ ಪೆಟ್ಟಿಗೆಯನ್ನು ಇವರಿಗೆ ಕೊಟ್ಟ. ಅದರಲ್ಲಿ ಒಂದು ದೋಣಿಯ ಆಟವಿತ್ತು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು. ಒಬ್ಬರೇ ಕೂತರೆ ದೋಣಿ ಅಲುಗಾಡುವುದೂ ಇಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯ ಬಾಗಿಲು ಅರ್ಧ ಇಳಿಯಿತೆಂದರೆ ಒಳಗಿನಿಂದ ಅಕ್ಕನ ದನಿ ಕೇಳುತ್ತಿತ್ತು. ಬಲಕ್ಕೆ ಹೋಗು ಎಂದಾಗ ತಮ್ಮ ಎಡಕ್ಕೆ ಎಳೆದು, ಏಳು ಸಮುದ್ರದಲ್ಲಿರುವ ಬಂಡೆಗಳಿಗೆಲ್ಲ ತಲೆ ಚಚ್ಚಿಸಿಕೊಂಡು, ನಾಲ್ಕು ತಿಂಗಳಲ್ಲಿ ಆಟದ ಕೊನೆ ಮುಟ್ಟಿದರು. ಅದೆಂಥ ಕೊನೆ! ನಡುನೀರಿನಲ್ಲಿ ದೋಣಿ, ದೂರದಲ್ಲಿ ಮಿಣುಕು ಎನ್ನುವ ಒಂದು ದೀಪ, ಉಳಿದದ್ದು ಎರಡನೆಯ ಭಾಗದಲ್ಲಿ ಎಂಬ ಬರಹ.

ಎರಡು ವರ್ಷ ಕತ್ತರಿಯಣ್ಣ ಆ ದೀಪದ ಚಿಂತೆಯಲ್ಲೇ ಇದ್ದ. ಅದು ದಡವೋ, ಇನ್ನೊಂದು ದೋಣಿಯೋ? ಗಿರಾಕಿಗಳ ಅಭಿಪ್ರಾಯ ಕೇಳುತ್ತಿದ್ದ. ನಾನು ಮೀನಿನ ಕಣ್ಣು ಎಂದದ್ದಕ್ಕೆ ಒಂದು ವಾರ ಮಾತು ಬಿಟ್ಟ.

ಕೊನೆಗೂ ಎರಡನೆಯ ಭಾಗ ಬಂತು. ಡಿಜಿಟಲ್ ಅಂಗಡಿಯಲ್ಲಿ ಬೆಲೆ ಆರುನೂರ ನಲವತ್ತು. ಕತ್ತರಿಯಣ್ಣ ಲೋಕದ ಸಕಲ ವಸ್ತುಗಳನ್ನೂ ಕಟಿಂಗಿನಲ್ಲೇ ಅಳೆಯುವವನು. ಚಪ್ಪಲಿ ನಾಲ್ಕು ಕಟಿಂಗ್, ಕರೆಂಟ್ ಬಿಲ್ಲು ಆರು. ಇದು ಎಂಟು ಕಟಿಂಗ್. ಎಂಟು ತಲೆಗಳನ್ನು ಮನಸ್ಸಿನಲ್ಲೇ ಸಾಲಾಗಿ ಕೂರಿಸಿ, ಆಗಲಿ, ತಗೊಳ್ಳೋಣ ಎಂದ.

ಅಕ್ಕ ಕನ್ನಡಕ ಹಾಕಿಕೊಂಡಳು. ಆಟ ಮಾಡಿದವರ ದೇಶದಲ್ಲಿ ಅದರ ಬೆಲೆ ಎಷ್ಟು ಎಂದು ನೋಡಿದಳು. ಪತ್ರಿಕೆಯಲ್ಲಿ ಆ ದಿನದ ವಿನಿಮಯ ದರ ನೋಡಿ ಗುಣಿಸಿದಳು. ನಾನೂರು ಬಂತು. ಮತ್ತೆ ಗುಣಿಸಿದಳು. ಮತ್ತೆ ನಾನೂರೇ.

ಸಂಗತಿ ಹೀಗಿತ್ತು. ಆರು ವರ್ಷದ ಹಿಂದೆ ನಮ್ಮ ಹಣ ಮೆಟ್ಟಿಲು ತಪ್ಪಿ ಉರುಳಿಬಿದ್ದಿತ್ತು. ಯಾವ ದೇಶಕ್ಕೆ ಎಷ್ಟು ಬೆಲೆ ಎಂದು ಆಟ ಮಾಡುವವರಿಗೆ ಸೂಚಿಸುವ ಪಟ್ಟಿಯನ್ನು ಡಿಜಿಟಲ್ ಅಂಗಡಿಯವರು ಬರೆದದ್ದು ಆ ದಿನಗಳಲ್ಲಿ. ಆಮೇಲೆ ನಮ್ಮ ಹಣ ಎದ್ದು, ಮೈ ಕೊಡವಿಕೊಂಡು, ಮೊದಲಿನಂತೆ ನಡೆದಾಡತೊಡಗಿತು. ಪಟ್ಟಿ ಮಾತ್ರ ಅದು ಇನ್ನೂ ಬಿದ್ದಲ್ಲೇ ಇದೆ ಎಂದುಕೊಂಡು ಕೂತಿತ್ತು. ಆದ್ದರಿಂದ ಆಟ ಹುಟ್ಟಿದ ದೇಶದಲ್ಲಿ ಕೊಡುವುದಕ್ಕಿಂತ ಹೆಚ್ಚು ನಾವು ಕೊಡಬೇಕಿತ್ತು.

"ಇಳಿಯೋ ಸ್ಟಾಪಿಗಿಂತ ಮೂರು ಸ್ಟಾಪ್ ಮುಂದಿನ ಟಿಕೆಟ್ ನಾನ್ಯಾಕೆ ತಗೊಳ್ಳಲಿ?" ಎಂದಳು ರೈಟಕ್ಕ. "ನಾನು ಚುಕ್ಕಾಣಿ ಮುಟ್ಟಲ್ಲ."

ತಮ್ಮನ ಮುಖ ಬಾಡಿತು. ಅವಳಿಲ್ಲದೆ ದೋಣಿ ಹೊರಡದು. ಪಕ್ಕದ ಮೊಬೈಲ್ ರಿಪೇರಿಯವನು ಒಂದು ಉಪಾಯ ಹೇಳಿದ: ಬೇರೆ ಬಡದೇಶದಲ್ಲಿ ಇದ್ದೇವೆಂದು ಸುಳ್ಳು ವಿಳಾಸ ಕೊಟ್ಟರೆ ನೂರೈವತ್ತಕ್ಕೇ ಸಿಗುತ್ತದೆ. ಅಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಬಸ್ಸು ನಿಲ್ಲುವ ಮೊದಲೇ ಇಳಿದು ಓಡಿದವನಂತೆ ಹೋದ. ಹೆಚ್ಚಿಗೆ ಕೊಡುವಂತಿಲ್ಲ, ಕದ್ದು ಹತ್ತುವಂತಿಲ್ಲ. ಉಳಿದದ್ದು ಪತ್ರ ಬರೆಯುವುದೊಂದೇ.

ಕತ್ತರಿಯಣ್ಣ ಆಟ ಮಾಡಿದವರಿಗೇ ಬರೆದ. ಫೋನು ಅದನ್ನು ಅವರ ಭಾಷೆಗೆ ತಿರುಗಿಸಿತು. ನಿಮ್ಮ ಪಟ್ಟಿ ಆರು ವರ್ಷ ಹಳೆಯದು, ಅದರಂತೆ ನಿಮ್ಮ ದೋಣಿಗೆ ಇಲ್ಲಿ ಎಂಟು ಕಟಿಂಗ್ ಆಗುತ್ತದೆ, ನ್ಯಾಯವಾಗಿ ಐದು ಕಟಿಂಗ್ ಆಗಬೇಕು, ನನ್ನ ಅಕ್ಕ ಬಲು ಹಟದವಳು, ನಾವು ನಡುನೀರಿನಲ್ಲಿದ್ದೇವೆ. ದೂರದ ಜನಕ್ಕೆ ಕಟಿಂಗ್ ಎಂದರೆ ಎಷ್ಟು ಎಂದು ತಿಳಿಯಬೇಡವೇ? ಸಾಕ್ಷಿಗೆ ಅಂಗಡಿಯ ಒಂದು ಫೋಟೋ ತೆಗೆದು ಲಗತ್ತಿಸಿದ. ಆಮೇಲೆ ದಿನಕ್ಕೆ ಮುನ್ನೂರು ಸಲ ಫೋನ್ ನೋಡಿದ. ಆ ವಾರ ಬೀದಿಯಲ್ಲಿ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ ಕೂದಲಿನ ಗಂಡಸರೇ ಓಡಾಡುತ್ತಿದ್ದರು.

ಒಂಬತ್ತನೆಯ ದಿನ ಉತ್ತರ ಬಂತು. ಆಟ ಮಾಡಿದವರು ಗಂಡ ಹೆಂಡತಿ ಇಬ್ಬರೇ. ಡಿಜಿಟಲ್ ಅಂಗಡಿಯವರು ಕೊಟ್ಟ ಪಟ್ಟಿಗೆ ಕಣ್ಣು ಮುಚ್ಚಿ ಒಪ್ಪಿಗೆ ಒತ್ತಿದ್ದರಂತೆ. ನಲವತ್ತು ದೇಶದ ಬೆಲೆ ಒಂದೇ ಒತ್ತಿಗೆ ಮುಗಿದಿತ್ತಂತೆ. ಕ್ಷಮೆ ಕೇಳಿ, ನೀವು ಹೇಳಿದ ಹಾಗೇ ಐದು ಕಟಿಂಗ್ ಮಾಡಿದ್ದೇವೆ ಎಂದು ಬರೆದಿದ್ದರು.

ನನ್ನ ಕಟಿಂಗ್ ಮುಗಿಸಿ ಗಡ್ಡಕ್ಕೆ ಅರ್ಧ ಸೋಪು ಹಚ್ಚಿದ್ದ ಕತ್ತರಿಯಣ್ಣ ನನ್ನನ್ನು ಬಿಟ್ಟು ಒಳಗೆ ಓಡಿದ. ನಾನೂ ಹಿಂದೆಯೇ ಹೋದೆ. ಬೆಲೆ ಬದಲಾಗಿತ್ತು. ಇನ್ನೂರು.

"ಐದು ಕಟಿಂಗ್ ಅಂದ್ರೆ ನಾನೂರಲ್ವೇನೋ?" ಎಂದಳು ಅಕ್ಕ. "ಫೋಟೋ ತೋರಿಸು."

ತೋರಿಸಿದ. ಎರಡು ಕುರ್ಚಿ, ಕನ್ನಡಿ, ಕನ್ನಡಿಯ ಪಕ್ಕ ಹಲಗೆ. ಕಟಿಂಗ್ ನಲವತ್ತು.

ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಹಲಗೆಯನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಅವ್ರ ಪಟ್ಟಿ ಆರು ವರ್ಷ ಹಳೇದು ಅಂತ ಬುದ್ಧಿ ಹೇಳ್ದೆಯಲ್ಲ ಮಹರಾಯ, ನಿಂದು ಎಷ್ಟು ವರ್ಷದ್ದು?"

ಅವನು ಬಾಚಣಿಗೆಯ ಹಲ್ಲು ಎಣಿಸುತ್ತ ನಿಂತ. ಅವರೇ ಹಾಕಿದ ಬೆಲೆ, ತಗೊಂಡುಬಿಡೋಣ ಅಕ್ಕ ಎಂದು ಒಮ್ಮೆ ಗೊಣಗಿ ನೋಡಿದ. ಅಕ್ಕ ಒಪ್ಪುವವಳೇ? ಹೆಚ್ಚು ಕೊಡದವಳು ಕಡಿಮೆಯನ್ನೂ ಕೊಡುವವಳಲ್ಲ. ಆಗಲೇ ಇನ್ನೊಂದು ಪತ್ರ ಹೋಯಿತು: ತಪ್ಪು ನಮ್ಮದು, ನಮ್ಮ ಹಲಗೆಯೂ ಮಲಗಿತ್ತು, ಕಟಿಂಗಿಗೆ ಈಗ ಎಂಬತ್ತು. ಅರ್ಧ ಗಂಟೆಯಲ್ಲೇ ಉತ್ತರ: ನಿಮ್ಮ ದೇಶದಲ್ಲಿ ಈವರೆಗೆ ನಾಲ್ಕೇ ಜನ ಕೊಂಡಿದ್ದರು, ಬೆಲೆ ಇಳಿಸಿದ ಒಂದೇ ದಿನದಲ್ಲಿ ಮುನ್ನೂರು ಜನ ಕೊಂಡಿದ್ದಾರೆ, ಈ ತಿಂಗಳು ಹೀಗೇ ಇರಲಿ, ಮುಂದಿನ ತಿಂಗಳು ನಾನೂರು ಮಾಡುತ್ತೇವೆ.

ಇನ್ನೊಂದು ತಿಂಗಳು ಕಾಯುವುದು ತಮ್ಮನ ಪ್ರಾಣಕ್ಕೆ ಬಂದಿತ್ತು. ಅಕ್ಕ ಅವನ ಮುಖ ನೋಡಿದಳು.

"ಎರಡು ತಗೋ," ಎಂದಳು. "ಎರಡು ಅರ್ಧ ಟಿಕೆಟ್ ಸೇರಿದ್ರೆ ಒಂದು ಪೂರ್ತಿ ಟಿಕೆಟ್."

ಬೀದಿಯಲ್ಲಿ ಗೇಮ್ ಪೆಟ್ಟಿಗೆ ಇದ್ದ ಇನ್ನೊಂದೇ ಮನೆ ನಮ್ಮದಾದ್ದರಿಂದ ಆ ಎರಡನೆಯ ಪ್ರತಿ ನಮಗೆ ಉಡುಗೊರೆಯಾಗಿ ಬಂತು, ಜೊತೆಗೆ ಹೊಸ ದರವನ್ನೂ ತಂತು. ಅದೇ ಮಧ್ಯಾಹ್ನ ಅಕ್ಕ ಎದುರು ನಿಂತು ಹಲಗೆ ಬರೆಸಿದಳು: ಕಟಿಂಗ್ ಎಂಬತ್ತು, ಕೆಳಗೆ ತಾರೀಖು. ವರ್ಷಕ್ಕೊಮ್ಮೆ ತಾರೀಖು ನೋಡಿಕೊಳ್ಳಬೇಕೆಂಬ ಆಜ್ಞೆಯೂ ಆಯಿತು. ಮುಖದ ಮೇಲೆ ಒಣಗಿದ ಸೋಪು ಹೊತ್ತು ಕೂತಿದ್ದ ನನ್ನಿಂದಲೇ ಹೊಸ ದರದ ಬೋಣಿ. ಜಗತ್ತಿನ ಹಣಕಾಸೆಲ್ಲ ಸರಿಹೋಗಿ, ಅದರ ಭಾರ ಬಂದು ಬಿದ್ದದ್ದು ಈ ಹದಿನೇಳು ಕೂದಲಿನ ಮೇಲೆ.

ಒಂದು ಗಂಟೆಗೆ ಬಾಗಿಲು ಅರ್ಧ ಇಳಿಯಿತು. ಕತ್ತರಿಯಣ್ಣ ಕೈ ಒರೆಸಿಕೊಂಡು ಹುಟ್ಟು ಹಿಡಿದ. ಅಕ್ಕ ಕನ್ನಡಕ ಸರಿಮಾಡಿಕೊಂಡು, ಹಿಂದೆ ಮುಂದೆ ನೋಡಿ, "ರೈಟ್" ಎಂದಳು. ದೋಣಿ ಹೊರಟಿತು.

ಹನ್ನೊಂದು ದಿನದಲ್ಲಿ ಇಬ್ಬರೂ ಆ ದೀಪ ಮುಟ್ಟಿದರಂತೆ. ಅದೇನೆಂದು ಕೇಳಿದರೆ ತಮ್ಮ ನಗುತ್ತಾನೆ, ನೀವೇ ಹೋಗಿ ನೋಡಿ ಎನ್ನುತ್ತಾನೆ. ನಾವು ಇನ್ನೂ ಹೊರಟ ಕಡೆಯೇ ಗಾಣದೆತ್ತಿನಂತೆ ಸುತ್ತುತ್ತಿದ್ದೇವೆ. ಚುಕ್ಕಾಣಿ ನನ್ನಾಕೆಯ ಕೈಯಲ್ಲಿದೆ.