ಗೋಳಿಬಜೆಯ ಮೇಲೆ ಫಿನಾಯಿಲ್

ಶುಕ್ರವಾರ ಸಂಜೆ ಕುವೈತಿನ ಅಬು ಹಲೀಫಾದ ಕಡಲತೀರದಲ್ಲಿ ತಂಗಿ ನನ್ನನ್ನು ಉಸ್ಮಾನಾಕರ ಕಾರಿನ ಬಳಿಗೆ ಕರೆದೊಯ್ದಳು. ಉಪ್ಪಿನಂಗಡಿಯ ಬ್ಯಾರಿ ಅವರು. ಡಿಕ್ಕಿಯಲ್ಲಿ ದೊಡ್ಡ ಡಬ್ಬ ಇಟ್ಟುಕೊಂಡು ಬಿಸಿ ಗೋಳಿಬಜೆ ಮಾರುತ್ತಾರೆ. ಪಕ್ಕದಲ್ಲೇ ಒಬ್ಬ ಕುವೈತಿ ಯುವಕನ ಬರ್ಗರ್ ಟ್ರಕ್ಕು. ಗಾಜಿನ ಹಿಂದೆ ಲೈಸೆನ್ಸು ತೂಗುತ್ತಿತ್ತು.

"ನಿಮ್ಮ ಲೈಸೆನ್ಸ್ ಎಲ್ಲಿ?" ಎಂದೆ.

"ನಮ್ಮ ಹೆಸರಲ್ಲಿ ಕೊಡುದಿಲ್ಲ ಅಕ್ಕ. ಇಲ್ಲಿಯವರಿಗೆ ಮಾತ್ರ."

ನಾನು ಒಂದು ಬಜೆ ಕಚ್ಚಿದ್ದೆನಷ್ಟೆ, ಬಲದಿಯಾದ, ಅಂದರೆ ನಗರಸಭೆಯ, ಜೀಪು ಬಂದು ನಿಂತಿತು. ಉಸ್ಮಾನಾಕ ಓಡುತ್ತಾರೆ ಅಂದುಕೊಂಡೆ. ಓಡಲಿಲ್ಲ. "ತಿನ್ನಿ, ಎಲ್ರೂ ತಿನ್ನಿ, ಬೇಗ ಬೇಗ!" ಎಂದು ಡಬ್ಬವನ್ನೇ ಜನರ ಮುಂದೆ ಚಾಚಿದರು. ನಿಂತಿದ್ದವರೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಯಿಗೆ ತುರುಕಿಕೊಂಡರು. ಯಾಕೆಂದು ಮರುಗಳಿಗೆಯಲ್ಲೇ ತಿಳಿಯಿತು.

ಅಧಿಕಾರಿ ಸಭ್ಯ ಮನುಷ್ಯ. ಕೂಗಾಡಲಿಲ್ಲ. ನನ್ನ ಕೈಯಲ್ಲಿದ್ದ ಬಜೆ ನೋಡಿ ನಗುತ್ತ, "ಬಿಲ್ ಆಫಿಯಾ" ಎಂದ. ತಿಂದದ್ದು ಮೈಗೆ ಹತ್ತಲಿ ಎಂದು ಹರಸುವ ಮಾತಂತೆ, ತಂಗಿ ಪಿಸುಗುಟ್ಟಿದಳು. ಆಮೇಲೆ ಆತ ಜೀಪಿನಿಂದ ಫಿನಾಯಿಲ್ ಬಾಟಲಿ ತಂದು, ಡಬ್ಬದಲ್ಲಿ ಉಳಿದಿದ್ದ ಬಜೆಗಳ ಮೇಲೆ ಖಾಲಿಯಾಗುವ ತನಕ ಸುರಿದ. ಬಿಸಿಗೆ ಹಬೆ ಎದ್ದು ಆಸ್ಪತ್ರೆಯ ವಾಸನೆ ಮುಖಕ್ಕೆ ಹೊಡೆಯಿತು. ತಿಂಡಿ ಬೀದಿಗೆ ಚೆಲ್ಲುವವರನ್ನು ನಾನು ಕಂಡಿದ್ದೇನೆ. ಯಾರೂ ಹೆಕ್ಕಿ ತಿನ್ನಬಾರದೆಂದು ಅದಕ್ಕೆ ವಿಷ ಹಾಕುವುದನ್ನು ಕಂಡಿರಲಿಲ್ಲ.

ಬಾಯಲ್ಲಿದ್ದ ತುತ್ತು ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ.

ಉಸ್ಮಾನಾಕ ಡಬ್ಬದ ಮುಚ್ಚಳ ಹಾಕಿ ನನ್ನ ಮುಖ ನೋಡಿದರು. "ನುಂಗಿ ಅಕ್ಕ," ಎಂದರು, "ಉಳಿದದ್ದು ಅದೊಂದೇ."