ಅರ್ಲೀನ್ ಎದ್ದು ನಿಂತ ಮಂಗಳವಾರ

ನನಗೆ ಮತ ಕಲಿಸಿದವರು ಕಾನ್ವೆಂಟಿನ ಸಿಸ್ಟರುಗಳು. ಮತ ಹಾಕಲು ಕಲಿಸಿದವಳು ಅರ್ಲೀನ್ ಬುಶೀ. ಮೊದಲನೆಯದು ನನಗೆ ಅಷ್ಟಾಗಿ ಹತ್ತಲಿಲ್ಲ.

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮೂರಿನಲ್ಲಿ ನಾವೆಲ್ಲ ಮಾರ್ಚ್ ತಿಂಗಳ ಮೊದಲ ಮಂಗಳವಾರ ಶಾಲೆಯ ಜಿಮ್ಮಿನಲ್ಲಿ ಸೇರಿ ರಸ್ತೆ, ತೆರಿಗೆ, ಹಿಮ ತಳ್ಳುವ ಲಾರಿ ಎಲ್ಲವನ್ನೂ ಕೈ ಎತ್ತಿಯೇ ತೀರ್ಮಾನಿಸುತ್ತಿದ್ದೆವು. ಮಧ್ಯಾಹ್ನ ಬೇಯಿಸಿದ ಬೀನ್ಸು, ಆ್ಯಪಲ್ ಪೈ. ಇಪ್ಪತ್ತು ವರ್ಷ ಆ ಸಭೆಯ ಅಧ್ಯಕ್ಷೆ ಅರ್ಲೀನ್. ಉಳಿದ ದಿನ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಎರಡೂ ಒಂದೇ ಕೆಲಸ, ಹಿಂದಿನ ಸೀಟಿನವರನ್ನು ಸುಮ್ಮನೆ ಕೂರಿಸುವುದು ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ವರ್ಷವಿಡೀ ಅವಳು ಎದುರುನೋಡುತ್ತಿದ್ದದ್ದು ಆ ಒಂದು ಮಂಗಳವಾರವನ್ನು.

ಆ ವರ್ಷ ಬಂದ ಗೊತ್ತುವಳಿ ಮಂಗಳವಾರದ ಬುಡಕ್ಕೇ ಕೊಡಲಿ ಹಾಕುವಂಥದ್ದು: ಇನ್ನು ಸಭೆ ಬೇಡ, ಅಚ್ಚಾದ ಚೀಟಿ, ಪರದೆ, ಪೆಟ್ಟಿಗೆ ಸಾಕು.

ಹಿಂದಿನ ವಾರ ಅರ್ಲೀನಳ ಅಡುಗೆಮನೆಯಲ್ಲಿ ಪೆಕ್ ಮೇಷ್ಟ್ರು ಕಾಫಿ ಕುಡಿಯುತ್ತಾ ಪಾಠಕ್ಕೆ ಇಳಿದರು. ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದವರು; ನಿವೃತ್ತರಾದರೂ ಗಂಟೆ ಹೊಡೆಯುವತನಕ ನಿಲ್ಲಿಸುವವರಲ್ಲ.

"ಗುಪ್ತ ಚೀಟಿ ತಂದೋರು ಸುಧಾರಕರು ಅಂತ ಪುಸ್ತಕದಲ್ಲಿದೆ. ನಂಬಬೇಡ ಅರ್ಲೀನ್. ಕೆನಡಾದಿಂದ ಬಂದ ನಿನ್ನ ಅಜ್ಜನಂಥೋರಿಗೆ ಇಂಗ್ಲಿಷ್ ಓದಕ್ಕೆ ಬರ್ತಿರಲಿಲ್ಲ. ಅಚ್ಚು ಹಾಕಿದ ಚೀಟೀಲಿ ಗುರುತು ಎಲ್ಲಿ ಹಾಕ್ತಾರೆ? ಅವರನ್ನ ಹೊರಗಿಡೋ ಉಪಾಯ ಅದು."

"ಇರಬಹುದು ಮೇಷ್ಟ್ರೇ," ಎಂದಳು ಅರ್ಲೀನ್. "ಅಜ್ಜನಿಗೆ ಓದಕ್ಕೆ ಬರ್ತಿರಲಿಲ್ಲ, ಕೈ ಎತ್ತಕ್ಕೆ ಬರ್ತಿತ್ತು. ಶಾಲೆ ತೆರಿಗೆಗೆ ಎತ್ತಿದ. ಮರದ ಮಿಲ್ಲಿನ ಧಣಿ ಹಾಯ್ಟ್ ನೋಡ್ದ. ಮಾರನೇ ದಿನ ಅಜ್ಜನಿಗೆ ಕೆಲಸ ಇಲ್ಲ."

"ಹಾಗಾದ್ರೆ ಸಭೆ ಹೋಗ್ಲಿ ಅಂತೀಯಾ?"

"ಸಭೆ ಹೋದ್ರೆ ನಾನೆಲ್ಲಿಗೆ ಹೋಗ್ಲಿ? ಕಾಫಿ ಆರ್ತಿದೆ, ಕುಡೀರಿ."

ಮಂಗಳವಾರ ಜಿಮ್ಮು ತುಂಬಿತ್ತು. ಮುಂದಿನ ಸಾಲಿನಲ್ಲಿ ಈಗಿನ ಹಾಯ್ಟ್, ಆ ಧಣಿಯ ಮೊಮ್ಮಗ. ಸಭೆಯೇ ಇರಲಿ ಎನ್ನುವವನು. ಕೆಟ್ಟವನಲ್ಲ, ಯಾರನ್ನೂ ಕೆಲಸದಿಂದ ತೆಗೆದವನಲ್ಲ, ಪೈ ಕೂಡ ತಂದಿದ್ದ. ಆದರೆ ಕೈ ಎತ್ತುವಾಗೆಲ್ಲ ತಿರುಗಿ ನೋಡುವ ಚಾಳಿ ಅವನಿಗೆ ಅಜ್ಜನಿಂದ ಬಂದಿತ್ತು.

ಈ ಗೊತ್ತುವಳಿಯನ್ನಾದರೂ ಚೀಟಿಯಲ್ಲಿ ಬರೆದು ತೀರ್ಮಾನಿಸೋಣ ಎಂದು ನರ್ಸೊಬ್ಬಳು ಕೇಳಿದಳು. ಅದಕ್ಕೆ ನಿಯಮವಿದೆ: ಏಳು ಜನ ಎದ್ದು ನಿಂತು ಕೇಳಬೇಕು. ಗುಟ್ಟು ಬೇಕೆಂದು ಬಯಲಲ್ಲಿ ನಿಂತು ಹೇಳುವ ನಿಯಮ ಮಾಡಿದ ಪುಣ್ಯಾತ್ಮ ಯಾರೋ.

ಆರು ಜನ ಎದ್ದೆವು. ಮಿಲ್ಲಿನಲ್ಲಿ ಗರಗಸ ನಡೆಸುವ ರೋಲಂಡ್ ಅರ್ಧ ಎದ್ದ, ಹಾಯ್ಟ್ ತಿರುಗಿದ್ದನ್ನು ಕಂಡ, ಬೂಟಿನ ಲೇಸು ಕಟ್ಟುವವನಂತೆ ಬಗ್ಗಿ ಹಾಗೇ ಕೂತುಬಿಟ್ಟ. ಲೇಸು ಕಟ್ಟಿಯೇ ಇತ್ತು.

ಅರ್ಲೀನ್ ಅವನನ್ನೇ ನೋಡುತ್ತಿದ್ದಳು. ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು. ಕೈ ಎತ್ತಿಸಿದ್ದರೆ ಸಭೆ ಉಳಿಯುತ್ತಿತ್ತು, ಎಲ್ಲರಿಗೂ ಗೊತ್ತು. ಅಧ್ಯಕ್ಷೆಯ ಮರದ ಸುತ್ತಿಗೆಯನ್ನು ಮೇಜಿನ ಮೇಲಿಟ್ಟಳು. ವೇದಿಕೆ ಇಳಿದು ಬಂದು ನಮ್ಮ ಸಾಲಿನ ಕೊನೆಯಲ್ಲಿ ನಿಂತಳು.

"ನಾನೂ ಈ ಊರಿನ ಮತದಾರಳೇ. ಏಳಾಯ್ತು," ಎಂದಳು. ಮತ್ತೆ ಮೇಲೆ ಹತ್ತಿ, "ಚೀಟಿ ಹಂಚಿ," ಎಂದಳು.

ಗೊತ್ತುವಳಿ ಗೆದ್ದಿತು. ಅರ್ಲೀನ್ ಫಲಿತಾಂಶ ಓದಿ, ಕಾಗದ ಮಡಚಿ ಜೇಬಿಗಿಟ್ಟಳು.

ಬೀನ್ಸಿನ ಸಾಲಿನಲ್ಲಿ ಪೆಕ್ ಮೇಷ್ಟ್ರು ಅವಳ ಹಿಂದೆಯೇ ಬಂದರು. "ನಿನ್ನ ಕುರ್ಚೀನ ನೀನೇ ಮುರ್ದೆ. ಹೇಳು, ಸಭೆ ಬೇಕು ಅಂತ ಬರೆದ್ಯೋ, ಬೇಡ ಅಂತ್ಲೋ?"

ಆಚೆ ಹಾಯ್ಟ್ ಪೈ ಕತ್ತರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದ. ರೋಲಂಡ್ ತಟ್ಟೆ ಹಿಡಿದು ನಿಂತಿದ್ದ.

ಅರ್ಲೀನ್ ಮೇಷ್ಟ್ರ ತಟ್ಟೆಗೆ ಒಂದು ಸೌಟು ಬೀನ್ಸು ಬಡಿಸಿದಳು.

"ಇನ್ನು ಮೇಲೆ ಅದನ್ನೆಲ್ಲ ಕೇಳೋ ಹಾಗಿಲ್ಲ ಮೇಷ್ಟ್ರೇ," ಎಂದಳು.